ಏಪ್ರಿಲ್‌ನಲ್ಲಿ ಜಾಗ ಗೊತ್ತುಮಾಡಬೇಡಿ

ಸುರಪುರದ ಹತ್ತಿರದ ಬೋನಾಳ ಪಕ್ಷಿಧಾಮದಂಥ ಕೆರೆಯ ಬದಿಗೆ ತಂಗುಮನೆ ಕಟ್ಟುವವರು ಜಾಗ ನೋಡಲು ಬೇಸಿಗೆಯಲ್ಲಿ ಬಂದರೆ ಮೋಸ ಹೋಗುತ್ತಾರೆ. ಆಗ ನೀರು ದೂರ ಸರಿದಿರುತ್ತದೆ, ಎರೆಮಣ್ಣು ಕಲ್ಲಾಗಿರುತ್ತದೆ, ಜೀಪು ನೀರಂಚಿನ ತನಕ ಓಡುತ್ತದೆ. ಅಲ್ಲೇ ಗೂಟ ಹೊಡೆದರೆ ಮುಗಿಯಿತು: ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಇಳಿಯುವ ತೆಳುನೀರೂ ಅದೇ.

2017ರ ಜೌಗುಭೂಮಿ ನಿಯಮ ಅನ್ವಯಿಸುವ ಕಡೆ, ಅದು ಜಾರಿಗೆ ಬರುವ ಹಿಂದಿನ 10 ವರ್ಷಗಳ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ ಕಾಯಂ ಕಟ್ಟಡ ಕೂಡದು. ನಮ್ಮ ಚಪ್ಪಟೆ ನೆಲಕ್ಕೆ ಅಷ್ಟೇ ನಂಬಿದರೆ ಸಾಲದು. ನೂರು ಮೀಟರಿಗೆ ಅರ್ಧ ಮೀಟರ್ ಇಳಿಜಾರಿರುವಲ್ಲಿ ನೀರು ಒಂದು ಮೀಟರ್ ಏರಿದರೆ ದಡ 200 ಮೀಟರ್ ಹಿಂದೆ ಸರಿಯುತ್ತದೆ. ನೀರು ಎಲ್ಲಿಯ ತನಕ ಏರುತ್ತದೆಂದು ತಿಳಿಯಲು ಜಾಲಿಗಿಡಗಳ ಬೊಡ್ಡೆಗೆ ಸಿಕ್ಕ ಕಸದ ಗೆರೆ ನೋಡಿ, ಮೀನು ಹಿಡಿಯುವವರನ್ನು ಕೇಳಿ.

ಹಕ್ಕಿಗಳಿಂದ ಎಷ್ಟು ದೂರ ಇರಬೇಕೆಂಬ ಅಳತೆಯನ್ನು ಚಳಿಗಾಲದಲ್ಲೇ ತೆಗೆಯಬೇಕು. ಒಬ್ಬರೇ ಒಂದೇ ವೇಗದಲ್ಲಿ ನಡೆಯಿರಿ. ಮೇಯುವ ಹಿಂಡು ಕತ್ತೆತ್ತಿದ ಕೂಡಲೇ ನಿಂತು ದೂರ ಬರೆದುಕೊಳ್ಳಿ, ಹಾರಿಸಬೇಡಿ. ಬೇರೆ ಬೇರೆ ದಿನ ಸಿಕ್ಕ ಅಳತೆಗಳಲ್ಲಿ ಅತಿ ದೊಡ್ಡದನ್ನು ಹಿಡಿಯಿರಿ, ಸರಾಸರಿಯನ್ನಲ್ಲ. ಗುಂಪಿನಲ್ಲಿ ಮೊದಲು ಬೆದರುವ ಹಕ್ಕಿಯೇ ಉಳಿದವನ್ನೂ ಎಬ್ಬಿಸುತ್ತದೆ. ಹೆಬ್ಬಾತುಗಳು ಕೆರೆಗೂ ಹೊಲಕ್ಕೂ ಓಡಾಡುವ ದಾರಿಯನ್ನು ಬೆಳಿಗ್ಗೆ ಸಂಜೆ ಗುರುತಿಸಿ. ಆ ದಾರಿಗೆ ಅಡ್ಡಲಾಗಿ ಕರೆಂಟಿನ ತಂತಿ ಎಳೆಯಬೇಡಿ.

ನಿಜವಾದ ತಲೆನೋವು ಶೌಚಾಲಯದ್ದು. ನೆಲ ನೀರನ್ನು ಹೀರುತ್ತದೋ ಎಂದು ನೋಡಲು ಇಂಗುಗುಂಡಿಯ ಆಳಕ್ಕೆ ತೋಡಿ, ತಳದಲ್ಲಿ ಒಂದು ಅಡಿ ನೀರು ನಿಲ್ಲಿಸಿ, ರಾತ್ರಿ ನೆನೆಯಲು ಬಿಟ್ಟು, ಮರುದಿನ ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯುತ್ತಾರೆ. ಎರೆಭೂಮಿಯಲ್ಲಿ ಬೇಸಿಗೆಗೆ ನೀರು ಬಿರುಕುಗಳಲ್ಲಿ ಮಾಯವಾಗಿ ಪರೀಕ್ಷೆ ಪಾಸಾಗುತ್ತದೆ. ಮಳೆ ಬಿದ್ದ ಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಹೊಲಸು ನೀರು ಮೇಲೆ ಬಂದು ಕೆರೆ ಸೇರುತ್ತದೆ, ಪಾಚಿಗೆ ಗೊಬ್ಬರವಾಗುತ್ತದೆ. ಅದಕ್ಕೇ ಈ ಪರೀಕ್ಷೆ ಸೆಪ್ಟೆಂಬರಿನಲ್ಲಿ ಆಗಬೇಕು. ಗರಸಿನ (ಸಣ್ಣ ಕಲ್ಲು ಬೆರೆತ ಮಣ್ಣಿನ) ದಿಬ್ಬ ಸಿಕ್ಕರೆ ಅರ್ಧ ಕಿಲೋಮೀಟರ್ ದೂರವಾದರೂ ಅದೇ ಮೇಲು. ಅಡಿಪಾಯವೂ ಬಿರಿಯುವುದಿಲ್ಲ.

ಹಕ್ಕಿ ನೋಡುವ, ಕಾಯಂ ಅಲ್ಲದ ಮರೆಯೊಂದನ್ನು ಮಾತ್ರ ನೀರಿನ ಹತ್ತಿರ ತರಬಹುದು. ಬೆಳಗಿನ ಮಂದಿಗೆ ಅದು ಪೂರ್ವದ ದಡದಲ್ಲಿರಲಿ, ಬಿಸಿಲು ಬೆನ್ನಿಗೆ ಬೀಳುತ್ತದೆ. ಒಡ್ಡಿನ ನೆತ್ತಿಯ ಮೇಲೆ ನಡೆದರೆ ಆಕಾಶಕ್ಕೆ ಎದುರಾಗಿ ಆಳು ಎದ್ದು ಕಾಣುತ್ತಾನೆ. ಕಾಲುದಾರಿ ಒಡ್ಡಿನ ಹೊರಬುಡದಲ್ಲೇ ಬರಲಿ. ಕೂತವರ ಕಣ್ಣಿನ ಮಟ್ಟಕ್ಕೆ ಒಂದು ಗೇಣು ಎತ್ತರದ ಕಿಂಡಿ ಸಾಕು. ಮಕ್ಕಳಿಗೆ ಕೆಳಗೆ ಇನ್ನೊಂದು ಬಿಡಿ, ಇಲ್ಲವಾದರೆ ಗೋಡೆ ಹತ್ತುತ್ತಾರೆ.