ಗಿಡ್ಡ ಕುದುರೆಗೆ ಕಾಗದ ಮಾಡಿಸುವ ಮುನ್ನ

ಮರಿ ಹುಟ್ಟಿ ಹತ್ತು ದಿನ ಆಗಿತ್ತು. "ಇದನ್ನ ಫಲಾಬೆಲ್ಲಾ ಅಂತ ನೋಂದಾಯಿಸಬಹುದಲ್ವಾ?" ಎಂದು ಲಾಯದವರು ಕೇಳಿದರು. ಮರಿಯ ಅಪ್ಪ ಶುದ್ಧ ಫಲಾಬೆಲ್ಲಾ, ಅಮ್ಮ ಅಮೆರಿಕನ್ ಮಿನಿಯೇಚರ್; ಎರಡೂ ಗಿಡ್ಡ ಕುದುರೆ ತಳಿಗಳು. ಆಗಲ್ಲ ಅನ್ನಬೇಕಾಯಿತು. ಟೆಕ್ಸಾಸ್‌ನಲ್ಲಿ ಕುದುರೆ ಡಾಕ್ಟರಾಗಿರುವ ನಾನು ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಜಾಸ್ತಿ ಸಲ, ಮರಿ ಹುಟ್ಟಿದ ಮೇಲೆ.

ಫಲಾಬೆಲ್ಲಾ ಅರ್ಜೆಂಟೀನಾದ ಒಂದೇ ಮನೆತನ ಬೆಳೆಸಿದ ತಳಿ. 1940ರ ದಶಕದಲ್ಲಿ ಹೂಲಿಯೊ ಸೆಸಾರ್ ಫಲಾಬೆಲ್ಲಾ ಅದಕ್ಕೆ ನೋಂದಣಿ ಪುಸ್ತಕ ತೆರೆದರು. ಅಲ್ಲಿ ಅಪ್ಪ ಅಮ್ಮ ಎರಡೂ ಅದೇ ವಂಶದವಾಗಿರಬೇಕು. ಎಷ್ಟೇ ಗಿಡ್ಡ ಇದ್ದರೂ ಬೇರೆ ರಕ್ತ ಸೇರಿದ್ದಕ್ಕೆ ಜಾಗವಿಲ್ಲ. 1978ರಲ್ಲಿ ಶುರುವಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್‌ಗೆ ಎತ್ತರ ಮುಖ್ಯ: 34 ಇಂಚು ದಾಟಬಾರದು. ಬೇರೆ ಕುದುರೆಗಳನ್ನು ಹೆಗಲ ದಿಬ್ಬದ ಹತ್ತಿರ ಅಳೆಯುತ್ತೇವೆ. ಇಲ್ಲಿ ಜೂಲಿನ ಕೊನೆಯ ಕೂದಲ ಬುಡಕ್ಕೆ ಅಳತೆ ಕೋಲು ಇಡಬೇಕು. ನೆಲ ಗಟ್ಟಿಯಾಗಿ ಸಮವಾಗಿರಲಿ, ಕಾಲು ನೇರ ಇರಲಿ.

ಎರಡು ತಳಿ ಕೂಡಿಸುವವರು ಮೊದಲು ಅಪ್ಪನ ಕಾಗದ ತೆಗೆದು ನೋಡಿ. ಎಷ್ಟೋ ಫಲಾಬೆಲ್ಲಾಗಳಿಗೆ ಅಮೆರಿಕದ ಆ ಅಸೋಸಿಯೇಷನ್‌ನ ಪುಸ್ತಕದಲ್ಲೂ ಹೆಸರಿದೆ. ಹಾಗಿದ್ದರೆ, ಅಮ್ಮನೂ ಅದೇ ಪುಸ್ತಕದಲ್ಲಿದ್ದರೆ, ಮರಿಗೆ ಅಲ್ಲಿ ದಾರಿ ಇದೆ. ಇಲ್ಲದಿದ್ದರೆ ಅದನ್ನು ಮಿಶ್ರತಳಿ ಅಂತಲೇ ಬರೆಸಿ. ಅದರಲ್ಲಿ ಅವಮಾನವೇನೂ ಇಲ್ಲ. ಅಪರೂಪದ ರಕ್ತ ಅರ್ಧ ಇದೆ ಅನ್ನುವುದು ಮುಂದಿನವರಿಗೆ ಗೊತ್ತಾಗುವುದು ಆ ಒಂದು ಸಾಲಿನಿಂದಲೇ.

ಆವತ್ತು ಡಿಎನ್‌ಎ ಪರೀಕ್ಷೆಗೆ ಮರಿಯ ಬಾಲದಿಂದ ಕೂದಲು ಕಿತ್ತೆ. ಕತ್ತರಿಸಿದರೆ ಪ್ರಯೋಜನವಿಲ್ಲ. ಬುಡದಲ್ಲಿ ರಾಗಿ ಕಾಳಿಗಿಂತ ಸಣ್ಣ ಬಿಳಿ ಗಂಟು ಕಾಣಬೇಕು, ಪರೀಕ್ಷೆ ನಡೆಯುವುದು ಅದರ ಮೇಲೆ. ಒಣ ಕಾಗದದ ಲಕೋಟೆಗೆ ಹಾಕಿ ಹೆಸರು ಬರೆದೆ. ಮರಿ ನನ್ನ ತೋಳು ನೆಕ್ಕುತ್ತಾ ನಿಂತಿತ್ತು.

ಇಂಥದೇ ಕೂದಲಿನಿಂದ ಇನ್ನೊಂದು ಪರೀಕ್ಷೆ ಆಗುತ್ತದೆ. ನನಗೆ ಕಾಗದಕ್ಕಿಂತ ಅದೇ ದೊಡ್ಡದು. ಗಿಡ್ಡ ಕುದುರೆಗಳಲ್ಲಿ ಎಸಿಎಎನ್ ಅನ್ನುವ ಜೀನ್‌ನಲ್ಲಿ ದೋಷ ಇರಬಹುದು. ಅಪ್ಪ ಅಮ್ಮನಿಂದ ಬರುವ ಎರಡು ಪ್ರತಿಗಳಲ್ಲಿ ಒಂದರಲ್ಲಷ್ಟೇ ದೋಷ ಇದ್ದರೆ ಕುದುರೆ ಚೆನ್ನಾಗೇ ಕಾಣುತ್ತದೆ. ಅಂಥ ಎರಡು ಕೂಡಿದರೆ ನಾಲ್ಕರಲ್ಲಿ ಒಂದು ಮರಿಗೆ ಎರಡೂ ಕಡೆಯಿಂದ ದೋಷ ಬರುವ ಸಾಧ್ಯತೆ ಇದೆ. ಕೆಲವು ಗರ್ಭದಲ್ಲೇ ಹೋಗುತ್ತವೆ. ಬದುಕಿದವು ಸೊಟ್ಟ ಕಾಲು, ಕೂಡದ ಹಲ್ಲುಗಳಿಂದ ನರಳುತ್ತವೆ. ಅಂಥ ಮರಿಯನ್ನು ಎತ್ತಿ ನಿಲ್ಲಿಸಲು ಒದ್ದಾಡಿದ ಮೇಲೆ, ಪರೀಕ್ಷೆಯ ಫಲಿತಾಂಶ ನೋಡದೆ ಕುದುರೆ ಕೂಡಿಸಲು ನಾನು ಒಪ್ಪುವುದನ್ನೇ ಬಿಟ್ಟಿದ್ದೇನೆ.