ಹೂವಿಗಿಂತ ಮೊದ್ಲು ಗಿಣ್ಣು ನೋಡಿ

ಮಳೆಗಾಲ ಶುರುವಾಯ್ತು ಅಂದ್ರೆ ನನ್ನ ವಾಟ್ಸಾಪ್ ತುಂಬಾ ಕಾಡುಹೂವಿನ ಫೋಟೋ. ಆಗುಂಬೆ ಘಾಟಿಲಿ ಸಿಕ್ತು ಸರ್, ಕೊಡಚಾದ್ರಿ ಹತ್ತುವಾಗ ಸಿಕ್ತು ಸರ್, ಇದ್ಯಾವ ಗಿಡ ಹೇಳಿ ಅಂತ ಕೇಳ್ತಾರೆ. ಫೋಟೋ ಚೆನ್ನಾಗೇ ಇರತ್ತೆ, ಎಸಳಿನ ಮೇಲಿರೋ ನೀರಹನಿ ಕೂಡ ಕಾಣತ್ತೆ, ಆದ್ರೆ ಹಿಂದೆ ಇರೋದೆಲ್ಲ ಮಸುಕು, ಎಲೆ ಎಲ್ಲಿ ಹುಟ್ಟಿದೆ, ಕಾಂಡ ಹೇಗಿದೆ ಏನೂ ಗೊತ್ತಾಗಲ್ಲ. ಪಶ್ಚಿಮ ಘಟ್ಟದಲ್ಲಿ ಗಿಡಗಳ ಸರ್ವೆ ಮಾಡೋದೇ ನನ್ನ ಕೆಲಸ, ಆದ್ರೂ ಬರೀ ಹೂ ನೋಡಿ ಹೆಸರು ಹೇಳೋಕೆ ಎಷ್ಟೋ ಸಲ ನನ್ನ ಕೈಲಾಗಲ್ಲ. ಹೂವು ಇರೋದು ವರ್ಷದಲ್ಲಿ ಕೆಲವೇ ವಾರ, ಉಳಿದ ದಿನವೆಲ್ಲ ಗಿಡದ ಗುರುತು ಸಿಗೋದು ಎಲೆ, ಗಿಣ್ಣು (ಕಾಂಡದಲ್ಲಿ ಎಲೆ ಹುಟ್ಟೋ ಜಾಗ), ಮುರಿದ್ರೆ ಬರೋ ಹಾಲು, ವಾಸನೆಯಿಂದಾನೇ.

ಮಲೆನಾಡಿನವರು ಪಾಠ ಶುರು ಮಾಡೋಕೆ ಕಾಡಿಗೆ ಹೋಗೋದೂ ಬೇಡ, ತೋಟದ ಕಾಫಿ ಗಿಡ ಸಾಕು. ಒಂದು ರೆಂಬೆ ಹಿಡ್ಕೊಂಡು ನೋಡಿ, ಎಲೆಗಳು ಎದುರುಬದುರು ಜೋಡಿಯಾಗಿರತ್ತೆ, ಆ ಎರಡು ತೊಟ್ಟಿನ ನಡುವೆ ಕಾಂಡಕ್ಕೆ ಅಂಟ್ಕೊಂಡು ಒಂದು ಪುಟ್ಟ ತ್ರಿಕೋನದ ಚೂರು ಇರತ್ತೆ, ಅದನ್ನ ಸ್ಟಿಪ್ಯೂಲ್ ಅಂತಾರೆ. ಎಲೆ ಎದುರುಬದುರು, ಅಂಚಲ್ಲಿ ಗರಗಸ ಇಲ್ಲ, ನಡುವೆ ಈ ಚೂರು ಇದೆ, ಮುರಿದ್ರೆ ಹಾಲಿಲ್ಲ, ಇಷ್ಟೂ ಸೇರಿದ್ರೆ ಅದು ಕಾಫಿ ಕುಟುಂಬದ ಗಿಡ ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ನಮ್ಮ ಕಾಡಿನ ಕೇಪಳ, ಪಾವಟೆ, ಕಾರೆ, ಮುಸ್ಸೆಂಡಾ ಎಲ್ಲಾ ಇದೇ ಮನೆಯವು. ಮುಸ್ಸೆಂಡಾದಲ್ಲಿ ದೂರದಿಂದ ಎದ್ದು ಕಾಣೋ ಬಿಳಿ ಭಾಗ ಹೂವಲ್ಲ, ಹೂವಿನ ಬುಡದ ಪುಷ್ಪಪತ್ರಗಳಲ್ಲಿ ಒಂದು ಮಾತ್ರ ಎಲೆಯಷ್ಟು ದೊಡ್ಡದಾಗಿ ಬಿಳಿಯಾಗಿರೋದು, ನಿಜವಾದ ಹೂವು ಪಕ್ಕದಲ್ಲಿ ಕಿತ್ತಳೆ ಬಣ್ಣದ ಚಿಕ್ಕ ನಕ್ಷತ್ರ.

ಕೇಪಳಕ್ಕೂ ಪಾವಟೆಗೂ ಗೊಂದಲ ಬಹಳ. ಕೆಂಪು ಕೇಪಳ ಎಲ್ಲರಿಗೂ ಗೊತ್ತು, ಆದ್ರೆ ಕಾಡಲ್ಲಿ ಬಿಳಿ ಹೂ ಬಿಡೋ ಕೇಪಳದ ಜಾತಿಗಳೂ ಇವೆ, ಪಾವಟೆದೂ ಬಿಳಿ ಹೂ, ಎರಡಕ್ಕೂ ಉದ್ದ ಕೊಳವೆ, ನಾಲ್ಕೇ ಎಸಳು. ಆಗ ಹೂವಿನ ಬಾಯಿಂದ ಹೊರಗೆ ಚಾಚಿರೋ ದಾರದಂಥ ಶಲಾಕೆ ನೋಡಬೇಕು. ಕೇಪಳದಲ್ಲಿ ಅದು ಸ್ವಲ್ಪವೇ ಹೊರಗೆ ಬಂದಿರತ್ತೆ, ಪಾವಟೆಯಲ್ಲಿ ತುಂಬಾ ಉದ್ದ, ಇಡೀ ಗೊಂಚಲಿಗೆ ಸೂಜಿ ಚುಚ್ಚಿಟ್ಟ ಹಾಗೆ ಕಾಣತ್ತೆ. ಹೂ ಇಲ್ದಿದ್ರೂ ದಾರಿ ಇದೆ, ಪಾವಟೆ ಎಲೆನ ಸೂರ್ಯನ ಬೆಳಕಿಗೆ ಹಿಡಿದ್ರೆ ಅಲ್ಲಲ್ಲಿ ಕಪ್ಪು ಚುಕ್ಕಿ ಕಾಣತ್ತೆ, ರೋಗ ಅಂತ ಅಂದ್ಕೋಬೇಡಿ, ಅವು ಎಲೆಯೊಳಗೆ ಬ್ಯಾಕ್ಟೀರಿಯಾ ಗಿಡದ ಜೊತೆ ಹೊಂದ್ಕೊಂಡು ಬದುಕ್ತಿರೋ ಪುಟ್ಟ ಗಂಟುಗಳು. ಇದನ್ನ ಮೊದಲ ಸಲ ತೋರಿಸಿದಾಗ ಹುಡುಗರ ಮುಖ ಅರಳೋದು ನೋಡೋದೇ ನನಗೆ ದೊಡ್ಡ ಖುಷಿ.

ಇನ್ನು ಹಾಲು ಬರೋ ಗಿಡಗಳು. ಮುಳ್ಳಿನ ಪೊದೆ ಕಂಡ್ರೆ ಒಂದು ಎಲೆ ಮುರಿದು ನೋಡಿ, ಹಾಲು ಬಂದ್ರೆ ಕವಳಿ ಇರಬಹುದು, ಬರ್ಲಿಲ್ಲ ಅಂದ್ರೆ ಕಾರೆ ಕಡೆಗೆ ಯೋಚನೆ ಮಾಡಿ. ಆ ಕೈನ ಕಣ್ಣಿಗೆ ಮುಟ್ಟಿಸಬೇಡಿ, ತೊಳ್ಕೊಳಿ, ಗುರುತು ಸಿಗದ ಗಿಡನ ನಾಲಿಗೆಗಂತೂ ಇಡ್ಲೇಬೇಡಿ. ಈ ಗುಂಪಲ್ಲಿ ನಿಜವಾಗ್ಲೂ ಕಷ್ಟ ಕೊಡೋ ಜೋಡಿ ಕೊಡಸಿಗ ಮತ್ತೆ ಹಾಲೆ. ಕೊಡಸಿಗದ ಹೂವಿನ ತಂಬುಳಿ ಮಲೆನಾಡಲ್ಲಿ ಇವತ್ತಿಗೂ ಮಾಡ್ತಾರೆ, ಹಾಲೆ ಅಂದ್ರೆ ಚನ್ನಪಟ್ಟಣದ ಗೊಂಬೆ ಮಾಡೋ ಮರ. ಎರಡೂ ಕಾಡಂಚಲ್ಲಿ ಪೊದೆ ತರ, ಸಣ್ಣ ಮರದ ತರ ಬೆಳೆಯತ್ತೆ, ಎರಡಕ್ಕೂ ಎದುರುಬದುರು ಎಲೆ, ಬಿಳಿ ಹಾಲು, ಬಿಳಿ ಹೂ, ಜೋಡಿ ಕೋಡು. ಔಷಧಿಗೆ ತೊಗಟೆ ತೆಗೆಯೋವಾಗ ಒಂದರ ಬದಲು ಇನ್ನೊಂದು ಸೇರ್ಕೊಳ್ಳತ್ತೆ, ಹಾಗಾಗಿ ಈ ವ್ಯತ್ಯಾಸ ಬರೀ ಹವ್ಯಾಸದ ವಿಷಯ ಅಲ್ಲ.

ಹೂವಿನ ನಡುವೆ ನೋಡಿ. ಹಾಲೆಯಲ್ಲಿ ಕೇಸರಗಳು ಕೂಡ್ಕೊಂಡು ಒಂದು ಮೊನೆ ತರ ಹೊರಗೆ ಕಾಣತ್ತೆ, ಅದರ ಸುತ್ತ ಜೂಲು ಜೂಲಾಗಿ ಕುಚ್ಚು ಇರತ್ತೆ. ಕೊಡಸಿಗದಲ್ಲಿ ಕೇಸರ ಕೊಳವೆ ಒಳಗೆ ಅಡಗಿರತ್ತೆ, ಕುಚ್ಚಿಲ್ಲ. ಕೋಡು ಸಿಕ್ರೆ ಇನ್ನೂ ಸುಲಭ, ಹಾಲೆದು ಎರಡೂ ಕೋಡು ತುದಿಯಲ್ಲಿ ಅಂಟ್ಕೊಂಡಿದ್ದು ಒಣಗಿದ ಮೇಲೆ ಬಿಡಿಸಿಕೊಳ್ಳತ್ತೆ, ಕೊಡಸಿಗದ್ದು ಮೊದಲಿಂದಲೂ ಬೇರೆ ಬೇರೆ ಜೋತಾಡ್ತಿರತ್ತೆ. ನಾನು ಶುರುವಿನ ವರ್ಷಗಳಲ್ಲಿ ಒಂದು ಸರ್ವೆಯಲ್ಲಿ ಹಾಲೆನ ಕೊಡಸಿಗ ಅಂತ ಬರ್ಕೊಂಡಿದ್ದೆ, ಆಗ ಹೂವೂ ಇರ್ಲಿಲ್ಲ ಕೋಡೂ ಇರ್ಲಿಲ್ಲ, ಚಳಿಗಾಲದಲ್ಲಿ ಅದೇ ಜಾಗಕ್ಕೆ ಹೋದಾಗ ತುದಿ ಸೇರಿದ ಕೋಡು ನೋಡಿ ಪಟ್ಟಿ ತಿದ್ದಿದೆ. ಅವತ್ತಿಂದ ಅನುಮಾನ ಇರೋ ಗಿಡದ ಹೆಸರು ಬರೆಯಲ್ಲ, ಬರೀ ಲಕ್ಷಣ ಬರೆದಿಟ್ಟು ಮತ್ತೆ ಬರ್ತೀನಿ.

ಎಲೆಯ ನರ ನೋಡಿ ಗುರುತು ಹಿಡಿಯೋಕೆ ನೆಕ್ಕರೆಗಿಂತ ಒಳ್ಳೆ ಗಿಡ ಇಲ್ಲ. ನಡುನರದ ಅಕ್ಕಪಕ್ಕ ಇನ್ನೂ ಒಂದೆರಡು ಜೋಡಿ ಉದ್ದ ನರಗಳು ಬುಡದಿಂದ ತುದಿವರೆಗೂ ಬಿಲ್ಲಿನ ಹಾಗೆ ಬಾಗಿ ಹೋಗತ್ತೆ, ಅವುಗಳ ಮಧ್ಯೆ ಏಣಿ ಮೆಟ್ಟಿಲ ಥರ ಅಡ್ಡ ನರ. ನೇರಳೆ ಗುಲಾಬಿ ಹೂವಲ್ಲಿ ಕೇಸರ ಎರಡು ನಮೂನೆ, ಕೆಲವು ಹಳದಿ ಗಿಡ್ಡ, ಕೆಲವು ನೇರಳೆ ಉದ್ದ. ಹಣ್ಣು ತಿಂದ್ರೆ ನಾಲಿಗೆ ಕಪ್ಪಾಗತ್ತೆ, ಇದರ ವೈಜ್ಞಾನಿಕ ಹೆಸರು ಮೆಲಾಸ್ಟೋಮಾ ಅನ್ನೋದರ ಅರ್ಥವೂ ಕಪ್ಪು ಬಾಯಿ ಅಂತಲೇ. ಯುಪಟೋರಿಯಂ ಅನ್ನೋ ಕಳೆಗಿಡದ ಎಲೆಯಲ್ಲೂ ಮೂರು ನರ ಎದ್ದು ಕಾಣತ್ತೆ ಆದ್ರೆ ಅದು ತ್ರಿಶೂಲದ ತರ, ತುದಿವರೆಗೆ ಜೊತೆಯಾಗಿ ಹೋಗಲ್ಲ, ಎಲೆ ಹಿಸುಕಿದ್ರೆ ಘಾಟು ವಾಸನೆ.

ಯುಪಟೋರಿಯಂ ನಮ್ಮ ಗಿಡ ಅಲ್ಲ, ಅಮೆರಿಕ ಖಂಡದ ಕಡೆಯಿಂದ ಬಂದಿದ್ದು. ಲಂಟಾನನೂ ಅಲ್ಲಿಂದಾನೇ, 19ನೇ ಶತಮಾನದ ಶುರುವಲ್ಲಿ ಚಂದದ ಹೂ ಅಂತ ತಂದು ಬೆಳೆಸಿದ್ದು, ಈಗ ಬಂಡೀಪುರದಂಥ ಕಾಡಲ್ಲಿ ಹುಲ್ಲಿಗೇ ಜಾಗ ಬಿಟ್ಟಿಲ್ಲ. ರಸ್ತೆ ಪಕ್ಕ ಕಿತ್ತಳೆ ಬಣ್ಣದಲ್ಲಿ ಅರಳೋ ಕಾಸ್ಮೋಸ್ ಮೆಕ್ಸಿಕೋ ಕಡೇದು, ಅಷ್ಟೇ ಯಾಕೆ, ಅಜ್ಜಿ ಕಾಲದಿಂದ ಆಡ್ಕೊಂಡು ಬಂದ ಮುಟ್ಟಿದರೆ ಮುನಿ ಕೂಡ ಹೊರಗಿಂದೇ. ಬೇಜಾರಾಗತ್ತೆ ನಿಜ, ಆದ್ರೆ ಕಾಡುಹೂವಿನ ಪಟ್ಟಿ ಮಾಡೋವಾಗ ಇವನ್ನ ಬೇರೆ ಕಾಲಂನಲ್ಲಿ ಹಾಕ್ಲೇಬೇಕು, ಯಾಕಂದ್ರೆ ಐದು ವರ್ಷ ಬಿಟ್ಟು ಬಂದಾಗ ಆ ಕಾಲಂ ಎಷ್ಟು ಉದ್ದ ಆಗಿದೆ ಅನ್ನೋದೇ ಕಾಡಿನ ಸ್ಥಿತಿ ಹೇಳತ್ತೆ.

ಊರಿನ ಹೆಸರುಗಳ ಮೇಲೆ ನನಗೆ ತುಂಬಾ ಪ್ರೀತಿ, ಆದ್ರೆ ಅದೊಂದನ್ನೇ ನಂಬೋಕಾಗಲ್ಲ. ಗೌರಿ ಹೂ ಅಂದ್ರೆ ಕೆಲವರಿಗೆ ಕರ್ಣಕುಂಡಲ, ಕಾಯಿ ಮುಟ್ಟಿದ್ರೆ ಪಟ್ ಅಂತ ಸಿಡಿಯೋದು. ಇನ್ನು ಕೆಲವರಿಗೆ ಅಗ್ನಿಶಿಖೆ, ಹಬ್ಬದ ಹೊತ್ತಿಗೆ ಕೆಂಪು ಹಳದಿ ಜ್ವಾಲೆಯಂತೆ ಅರಳೋ ಬಳ್ಳಿ. ಅಗ್ನಿಶಿಖೆಯ ಇಡೀ ಗಿಡ ವಿಷ, ಗೆಡ್ಡೆಯಂತೂ ಪ್ರಾಣ ತೆಗೆಯುವಷ್ಟು, ಅದರಲ್ಲಿ ಕೊಲ್ಚಿಸಿನ್ ಅನ್ನೋ ವಿಷ ಇದೆ. ಎಲೆಯ ತುದಿನೇ ಸುರುಳಿಯಾಗಿ ಪಕ್ಕದ ಗಿಡನ ಹಿಡ್ಕೊಂಡಿದ್ರೆ ಅದೇ ಅಗ್ನಿಶಿಖೆ, ಹೂ ಬಿಡೋಕೆ ಮುಂಚೆನೇ ಗೊತ್ತಾಗತ್ತೆ.

ಗುರ್ಗಿ, ಅಂದ್ರೆ ನೀಲಕುರಿಂಜಿ ಗುಂಪಿನ ಪೊದೆಗಳ ವಿಷಯದಲ್ಲೂ ಇದೇ ಕಥೆ. ಘಟ್ಟದಲ್ಲಿ ಗುರ್ಗಿ ಜಾತಿಗಳು ಬಹಳ ಇವೆ, ಆದ್ರೆ ಬೆಟ್ಟದ ಮೇಲೆ ನೀಲಿ ಕಂಡ ತಕ್ಷಣ ಎಲ್ಲರೂ ನೀಲಕುರಿಂಜಿ ಅಂತಾರೆ. ನೀಲಕುರಿಂಜಿ 12 ವರ್ಷಕ್ಕೊಮ್ಮೆ ಹೂ ಬಿಡೋದು, ಮುನ್ನಾರ್ ಕಡೆ 2006 ಮತ್ತೆ 2018ರಲ್ಲಿ ಅರಳಿತ್ತು. ಇಡೀ ಬೆಟ್ಟ ಒಟ್ಟಿಗೆ ಅರಳಿ, ಬೀಜ ಕಟ್ಟಿ, ಒಟ್ಟಿಗೇ ಸಾಯತ್ತೆ. ಹೂವನ್ನೇ ಕಾಯ್ತಾ ಕೂತ್ರೆ ಅಷ್ಟೂ ವರ್ಷ ಆ ಗಿಡ ನಿಮಗೆ ಹೆಸರಿಲ್ಲದ ಪೊದೆ. ಉಬ್ಬಿದ ಗಿಣ್ಣು, ಎದುರುಬದುರು ಎಲೆ, ಹೂತೆನೆಯ ಬುಡದ ಪುಟ್ಟ ಎಲೆಗಳ ಆಕಾರ, ಅವುಗಳ ಮೇಲಿನ ರೋಮ, ಅಂಟು, ಇವನ್ನೆಲ್ಲ ನೋಡಿದ ಮೇಲೇನೇ ಯಾವ ಗುರ್ಗಿ ಅಂತ ಹೇಳೋಕೆ ಬರೋದು.

ಹಾಗಾಗಿ ಮುಂದಿನ ಸಲ ಫೋಟೋ ಕಳಿಸೋವಾಗ ಇಡೀ ಗಿಡದ್ದು ಒಂದು, ಗಿಣ್ಣಿನ ಹತ್ತಿರದ್ದು ಒಂದು, ಎಲೆಯ ಮೇಲ್ಭಾಗ, ಅಡಿಭಾಗ, ಹೂವಿನ ಮುಖ, ಹೂವಿನ ಪಕ್ಕ, ಕಾಯಿ ಇದ್ರೆ ಅದೂ ಇರ್ಲಿ. ಪಕ್ಕದಲ್ಲಿ ಬೆರಳಿಟ್ರೆ ಅಳತೆ ಗೊತ್ತಾಗತ್ತೆ. ಹಳ್ಳದ ಪಕ್ಕನೋ, ಮುರಕಲ್ಲಿನ ಮೇಲೋ, ಬೋಳು ಗುಡ್ಡದಲ್ಲೋ ಅನ್ನೋದನ್ನೂ ಬರೀರಿ. ಅಭಯಾರಣ್ಯ, ನ್ಯಾಷನಲ್ ಪಾರ್ಕ್ ಒಳಗೆ ಅನುಮತಿ ಇಲ್ದೆ ಒಂದೆಲೆನೂ ಕೀಳಬೇಡಿ, ಬಗ್ಗಿಸಿ ನೋಡಿ ಬಿಟ್ಬಿಡಿ. ಈಗ ಹೂ ಬಿಟ್ಟಿರೋ ಜಾಗಕ್ಕೆ ಕಾಯಿ ಕಟ್ಟೋ ಕಾಲದಲ್ಲಿ ಇನ್ನೊಂದು ಸಲ ಹೋಗಿ, ಆಮೇಲೆ ಎರಡೂ ಸಲದ ಫೋಟೋ ಒಟ್ಟಿಗೆ ಕಳಿಸಿ.