ಉಪ್ಪುನೀರಿಗೆ ಒಗ್ಗುವ ತೊಗಲು: ಹಾಯಿದೋಣಿಯಲ್ಲಿ ಚರ್ಮದ ಕೈಕೆಲಸ

ಹಾಯಿದೋಣಿಯಲ್ಲಿ ಸುಮ್ಮನೆ ನಿಂತಿರುವ ವಸ್ತು ಒಂದೂ ಇಲ್ಲ. ಲಂಗರು ಹಾಕಿ ಹಾಯಿ ಇಳಿಸಿದ ಮೇಲೂ ದೋಣಿ ಅಲೆಯ ಏರಿಳಿತಕ್ಕೆ ಓಲಾಡುತ್ತಲೇ ಇರುತ್ತದೆ. ಆ ಓಲಾಟದಲ್ಲಿ ಹಗ್ಗ ಲೋಹದ ಅಂಚಿಗೆ ತಿಕ್ಕುತ್ತದೆ, ಹುಟ್ಟು ತನ್ನನ್ನು ಹಿಡಿದಿರುವ ಕವಲಿಗೆ ತಿಕ್ಕುತ್ತದೆ. ಆರು ಸೆಕೆಂಡಿಗೊಂದು ಅಲೆ ಬಂದರೂ ಹನ್ನೆರಡು ಗಂಟೆಗಳಲ್ಲಿ ಹಗ್ಗದ ಒಂದೇ ಗೇಣುದ್ದದ ಭಾಗ 7,200 ಬಾರಿ ಎಳೆದು ಬಿಟ್ಟಂತಾಗುತ್ತದೆ. ಈ ಸವೆತವನ್ನು ನಿಲ್ಲಿಸಲಾಗದು. ಆದರೆ ಹಗ್ಗ ಸವೆಯಬೇಕೋ, ಅದರ ಮೇಲೆ ಹೊದಿಸಿದ ಅಗ್ಗದ ಹೊದಿಕೆ ಸವೆಯಬೇಕೋ ಎಂಬುದನ್ನು ಮಾತ್ರ ನಾವು ನಿರ್ಧರಿಸಬಹುದು. ಯಾಟ್ ಎಂಬ ವಿಹಾರದ ಹಾಯಿದೋಣಿಗಳಲ್ಲಿ ವಾಸಿಸುವವರು ಬಿಡುವಿನಲ್ಲಿ ಚರ್ಮದ ಕೆಲಸ ಕಲಿಯಬೇಕೆಂದರೆ, ಅಲಂಕಾರದ ವಸ್ತುಗಳಿಗಿಂತ ಮೊದಲು ಈ ತಿಕ್ಕಾಟದ ಜಾಗಗಳನ್ನೇ ಹುಡುಕಬೇಕೆಂದು ನನ್ನ ಗಟ್ಟಿಯಾದ ಅಭಿಪ್ರಾಯ.

ಈ ಕೆಲಸಕ್ಕೆ ಚರ್ಮವೇ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಅದರ ನಾರಿನಲ್ಲಿದೆ. ತೊಗಲಿನ ಮುಖ್ಯ ವಸ್ತು ಕೊಲಾಜನ್ ಎಂಬ ಪ್ರೋಟೀನು. ಅದರ ಅಣು ಮೂರು ಎಳೆಗಳನ್ನು ಹೊಸೆದ ಹಗ್ಗದಂತಿದೆ ಎಂಬುದನ್ನು 1954–55ರಲ್ಲಿ ತೋರಿಸಿಕೊಟ್ಟವರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಅವರೇ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕವನ್ನು ಕಟ್ಟಿದರು. ಬಟ್ಟೆಯಲ್ಲಿ ನೂಲು ಉದ್ದಕ್ಕೂ ಅಡ್ಡಕ್ಕೂ ಲೆಕ್ಕವಾಗಿ ಓಡುತ್ತದೆ, ಒಂದೆಳೆ ಕಡಿದರೆ ಪಕ್ಕದ್ದೂ ಬಿಚ್ಚಿಕೊಳ್ಳುತ್ತದೆ. ತೊಗಲಿನಲ್ಲಿ ಈ ಕೊಲಾಜನ್ ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತವೆ. ಮೇಲ್ಮೈ ಸವೆದರೂ ಅಡಿಯ ಹೆಣಿಗೆ ಹಾಗೆಯೇ ಉಳಿಯುತ್ತದೆ. ಚರ್ಮ ಒಮ್ಮೆಗೇ ಹರಿಯದೆ ನಿಧಾನವಾಗಿ ತೆಳುವಾಗುತ್ತಾ ಹೋಗುವುದು ಇದರಿಂದಲೇ.

ಆದರೆ ಅಂಗಡಿಯಲ್ಲಿ ಸಿಗುವ ಎಲ್ಲ ಚರ್ಮವೂ ಸಮುದ್ರಕ್ಕೆ ಆಗಿಬರುವುದಿಲ್ಲ. ಅಳಲೆಕಾಯಿಯನ್ನು ಕಚ್ಚಿದರೆ ನಾಲಿಗೆ ಒಗರಾಗಿ ಹಿಡಿದಂತಾಗುತ್ತದೆಯಲ್ಲ, ಅದಕ್ಕೆ ಕಾರಣ ಟ್ಯಾನಿನ್. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಮರದ ತೊಗಟೆ, ಕಾಯಿಗಳ ರಸದಲ್ಲಿ ತೊಗಲನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೆನೆಹಾಕಿದಾಗ ಅದೇ ಟ್ಯಾನಿನ್ ಕೊಲಾಜನ್ ಎಳೆಗಳ ನಡುವೆ ಸೇರಿ ಅವನ್ನು ಬಿಗಿಯುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯ ಚರ್ಮ ಇಂಥ ತೊಗಟೆ ಹದದ್ದು. ಆ ಚಪ್ಪಲಿ ಮಳೆಯಲ್ಲಿ ನೆನೆದರೆ ಮೆತ್ತಗಾಗಿ, ಒಣಗುವಾಗ ಸೆಟೆದು, ಯಾವ ಆಕಾರದಲ್ಲಿ ಒಣಗಿತೋ ಅದೇ ಆಕಾರದಲ್ಲಿ ನಿಲ್ಲುವುದನ್ನು ಹಾಕಿಕೊಂಡವರೆಲ್ಲ ನೋಡಿದ್ದಾರೆ. ತೊಗಲನ್ನು ಹದಮಾಡುವ ಇನ್ನೊಂದು ವಿಧಾನ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಕ್ರೋಮ್ ಹದ. ಒಂದೆರಡು ದಿನಗಳಲ್ಲಿ ಮುಗಿಯುವ ಈ ವಿಧಾನದಲ್ಲಿ ಕ್ರೋಮಿಯಂ ಲವಣ ಎಳೆಗಳನ್ನು ಬೆಸೆಯುತ್ತದೆ. ಈ ಚರ್ಮ ಮೆದು, ನೆನೆದು ಒಣಗಿದರೂ ಹೆಚ್ಚು ಸೆಟೆಯುವುದಿಲ್ಲ, ಆದರೆ ಒತ್ತಿ ಕೂರಿಸಿದ ಆಕಾರವನ್ನು ಉಳಿಸಿಕೊಳ್ಳುವುದೂ ಇಲ್ಲ. ಒದ್ದೆ ಹಸಿತೊಗಲು ಸುಮಾರು 60–65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುದುಡಿಹೋದರೆ, ತೊಗಟೆ ಹದದ್ದು 75–85 ಡಿಗ್ರಿಯವರೆಗೆ, ಕ್ರೋಮ್ ಹದದ್ದು ಸುಮಾರು 100 ಡಿಗ್ರಿಯವರೆಗೆ ತಡೆಯುತ್ತದೆ. ಹೀಗಾಗಿ ಒದ್ದೆಯಾದ ತೊಗಟೆ ಹದದ ಚರ್ಮವನ್ನು ದೋಣಿಯ ಬಿಸಿ ಎಂಜಿನ್ನಿನ ಮೇಲೆ ಒಣಗಿಸಲೇಬಾರದು.

ಮೊದಲ ದೊಡ್ಡ ಕೆಲಸವಾಗಿ ಚುಕ್ಕಾಣಿ ಚಕ್ರದ ಹೊದಿಕೆಯನ್ನು ನಾನು ಸೂಚಿಸುತ್ತೇನೆ. ಯಾಟಿನ ಚಕ್ರ ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆಯದು. ಆ ಉಕ್ಕು ಚರ್ಮಕ್ಕಿಂತ ಸುಮಾರು ನೂರು ಪಟ್ಟು ಸುಲಭವಾಗಿ ಶಾಖವನ್ನು ಸಾಗಿಸುವುದರಿಂದ ಮಧ್ಯಾಹ್ನ ಅಂಗೈ ಸುಡುತ್ತದೆ, ನಡುರಾತ್ರಿಯ ಪಾಳಿಯಲ್ಲಿ ಬೆರಳು ಮರಗಟ್ಟಿಸುತ್ತದೆ. ಮೇಲೆ ನೀರು ಬಿದ್ದರೆ ಜಾರುತ್ತದೆ. ಚರ್ಮ ಆ ನೀರಿನ ಪದರವನ್ನು ಹೀರಿಕೊಂಡು ಕೈಗೆ ಹಿಡಿತ ಕೊಡುತ್ತದೆ. ಇಲ್ಲಿಗೆ ಮೆದುವಾದ ಕ್ರೋಮ್ ಹದದ ಚರ್ಮವೇ ಸರಿ. ಕೊಳವೆ 25 ಮಿಲಿಮೀಟರ್ ದಪ್ಪವಿದ್ದರೆ ಅದರ ಸುತ್ತಳತೆ ಸುಮಾರು 78 ಮಿಲಿಮೀಟರ್. ಪಟ್ಟಿಯನ್ನು 75ಕ್ಕೆ ಕತ್ತರಿಸಿದರೆ ಎಳೆದು ಹೊಲಿಯುವಾಗ ಬಿಗಿ ಬರುತ್ತದೆ. ಅಂಗೈಗೆ ತಾಗದಿರಲೆಂದು ಹೊಲಿಗೆಯನ್ನು ಚಕ್ರದ ಒಳಬದಿಗೆ ಇಡುತ್ತಾರೆ. ಕೆಲಸದ ಕಷ್ಟ ಇರುವುದು ಇಲ್ಲಿಯೇ: ಹೊರಗಿನಿಂದ ಒಂದು ಮೀಟರ್ ಅಗಲದ ಚಕ್ರದ ಹೊರಸುತ್ತು 3.14 ಮೀಟರ್ ಆದರೆ ಒಳಸುತ್ತು 2.98 ಮೀಟರ್. ಪಟ್ಟಿಯ ನಡುಭಾಗ ಹೊರಗೂ ಅಂಚುಗಳು ಒಳಗೂ ಬರುವುದರಿಂದ ಅಂಚಿನಲ್ಲಿ ಸುಮಾರು 16 ಸೆಂಟಿಮೀಟರ್ ಹೆಚ್ಚುವರಿ ಚರ್ಮ ನೆರಿಗೆಯಾಗದೆ ಅಡಗಬೇಕು. ಅದಕ್ಕಾಗಿ ಚಕ್ರದ ಕಡ್ಡಿಯಿಂದ ಕಡ್ಡಿಗೆ ಬೇರೆ ಬೇರೆ ತುಂಡು ಕತ್ತರಿಸಿ, ಪ್ರತಿ ತುಂಡನ್ನೂ ನೀರಿನಲ್ಲಿ ನೆನೆಸಿ ಹೊಲಿಯಬೇಕು. ನೆನೆದ ನಾರು ಹೊರಗಡೆ ಹಿಗ್ಗುತ್ತದೆ, ಒಳಗಡೆ ಕುಗ್ಗುತ್ತದೆ.

ಹೊಲಿಗೆಗೆ ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಬೇಕು. ಎರಡೂ ಅಂಚಿನಲ್ಲಿ ಆರಾರು ಮಿಲಿಮೀಟರಿಗೊಂದು ತೂತನ್ನು ಸರಿಜೋಡಿಯಾಗಿ ಮೊದಲೇ ಕೊರೆದಿರಬೇಕು. ಎಡಗಡೆಯ ಸೂಜಿ ಎರಡು ಅಂಚುಗಳ ನಡುವಿನ ಸೀಳಿಗೆ ಇಳಿದು ಬಲಗಡೆಯ ತೂತಿನಲ್ಲಿ ಅಡಿಯಿಂದ ಮೇಲೇಳುತ್ತದೆ, ಬಲಗಡೆಯದು ಹಾಗೆಯೇ ಎಡಕ್ಕೆ ಬರುತ್ತದೆ. ಎರಡನ್ನೂ ಒಂದೇ ಬಲದಿಂದ ಎಳೆದಾಗ ಬಂಗುಡೆಯ ಮುಳ್ಳಿನ ಸಾಲಿನಂಥ ವಿನ್ಯಾಸ ಮೂಡುತ್ತದೆ. ದಾರ ಮೇಣ ತಿಕ್ಕಿದ ಪಾಲಿಯೆಸ್ಟರ್ ಆಗಿರಲಿ. ಹತ್ತಿ, ನಾರಗಸೆಯ ದಾರ ಒದ್ದೆಯಲ್ಲಿ ಕೊಳೆಯುತ್ತದೆ.

ಹುಟ್ಟಿಗೆ ಚರ್ಮ ಸುತ್ತುವುದು ಇದಕ್ಕಿಂತ ಸುಲಭ ಮತ್ತು ಬಹಳ ಹಳೆಯ ಪದ್ಧತಿ. ದಡಕ್ಕೆ ಹೋಗಿಬರುವ ಸಣ್ಣ ದೋಣಿಯ ಹುಟ್ಟು ಲೋಹದ ಕವಲಿನಲ್ಲಿ ಕೂರುವ ಜಾಗಕ್ಕೆ ಗೇಣುದ್ದದ ದಪ್ಪ ತೊಗಟೆ ಹದದ ಚರ್ಮ ಸುತ್ತಿ, ಹೊಲಿಗೆಯನ್ನು ತಿಕ್ಕಾಟವಿಲ್ಲದ ಬದಿಗೆ ತಿರುಗಿಸಿ, ಪಶುಕೊಬ್ಬು ಸವರಿದರೆ ಮರವೂ ಉಳಿಯುತ್ತದೆ, ಕಿರುಗುಟ್ಟುವ ಸದ್ದೂ ನಿಲ್ಲುತ್ತದೆ. ಮೊಳೆ ಹೊಡೆಯುವುದು ಬೇಗದ ದಾರಿಯಾದರೂ ಮೊಳೆಯ ತೂತಿನಿಂದ ನೀರು ಮರದೊಳಗೆ ಇಳಿಯುತ್ತದೆ. ಹೊಲಿಗೆಗೆ ಆ ದೋಷವಿಲ್ಲ.

ದಕ್ಕೆಗೆ ಕಟ್ಟುವ ನೈಲಾನ್ ಹಗ್ಗದ ವಿಷಯ ಇನ್ನೂ ಸೂಕ್ಷ್ಮವಾದದ್ದು. ನೈಲಾನ್ ಹಿಗ್ಗಿ ಕುಗ್ಗುವುದರಿಂದಲೇ ಅಲೆಯ ಜಗ್ಗಾಟವನ್ನು ತಾಳಿಕೊಳ್ಳುತ್ತದೆ, ಆದರೆ ಪ್ರತಿ ಜಗ್ಗಾಟದಲ್ಲೂ ಒಳಗಿನ ಎಳೆಗಳು ಒಂದಕ್ಕೊಂದು ತಿಕ್ಕಿ ಬಿಸಿಯಾಗುತ್ತವೆ. ಅನೇಕರು ಹಗ್ಗಕ್ಕೆ ಪ್ಲಾಸ್ಟಿಕ್ ಕೊಳವೆ ತೊಡಿಸುತ್ತಾರೆ. ಅದು ಹೊರಗಿನ ಸವೆತವನ್ನು ತಡೆದರೂ ತಂಪು ನೀರನ್ನು ಒಳಗೆ ಬಿಡದೆ ಶಾಖವನ್ನು ಹಿಡಿದಿಡುತ್ತದೆ. ಚರ್ಮದ ಹೊದಿಕೆ ನೀರು ಕುಡಿದು ಒದ್ದೆಯಾಗಿಯೇ ಇರುವುದರಿಂದ ಒಳಗಿನ ಬಿಸಿ ಆರಲು ದಾರಿಯಿದೆ.

ತೊಗಟೆ ಹದದ ಚರ್ಮ ಒಣಗಿದ ಆಕಾರದಲ್ಲೇ ನಿಲ್ಲುವುದು ಚಪ್ಪಲಿಯಲ್ಲಿ ದೋಷ. ಟಾರ್ಚು, ದುರ್ಬೀನು, ಹಗ್ಗ ಬಿಗಿಯುವ ವಿಂಚ್ ಎಂಬ ರಾಟೆಯ ಹಿಡಿಕೆ, ಇವುಗಳ ಚೀಲ ಮಾಡುವಾಗ ಅದೇ ಗುಣ. ನೆನೆಸಿದ ಚರ್ಮವನ್ನು ಪ್ಲಾಸ್ಟಿಕ್ ಹಾಳೆ ಸುತ್ತಿದ ವಸ್ತುವಿನ ಮೇಲೆ ಬೆರಳಿನಿಂದ ಒತ್ತಿ ನೆರಳಿನಲ್ಲಿ ಒಂದೆರಡು ದಿನ ಬಿಟ್ಟರೆ ಅಚ್ಚು ಕೂರುತ್ತದೆ. ತಳದಲ್ಲಿ ನೀರು ಬಸಿಯಲು ತೂತು ಬಿಡುವುದನ್ನು ಮರೆಯಬಾರದು. ಕಬ್ಬಿಣದ ಗುಂಡಿ, ಮೊಳೆಗಳನ್ನು ಮಾತ್ರ ಹತ್ತಿರ ಸೇರಿಸಬಾರದು: ಕಬ್ಬಿಣ ಟ್ಯಾನಿನ್ನಿಗೆ ಸೇರಿದ ಕಡೆ ಚರ್ಮ ನೀಲಿಗಪ್ಪಾಗುತ್ತದೆ, ಕ್ರಮೇಣ ಆ ಜಾಗವೇ ಪುಡಿಯಾಗುತ್ತದೆ. ಹಿಂದಿನವರು ಅಳಲೆಕಾಯಿಗೆ ಕಬ್ಬಿಣದ ಲವಣವಾದ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದುದೂ ಇದೇ ರಾಸಾಯನಿಕ ಕ್ರಿಯೆಯಿಂದ. ತಾಮ್ರ ಅಥವಾ ಹಿತ್ತಾಳೆಯನ್ನು ಬಳಸಿದರೆ ಸ್ವಲ್ಪ ಹಸಿರು ಕಿಲುಬು ಬರಬಹುದು, ಅಷ್ಟೆ. ಚಾಕುವಿಗೆ ಚರ್ಮದ ಒರೆ ಹೊಲಿದರೂ ಅದನ್ನು ಒರೆಯೊಳಗೆ ಬಹುಕಾಲ ಇಡಬಾರದು. ಉಪ್ಪು, ಚರ್ಮದ ಆಮ್ಲ, ತೇವ ಮೂರೂ ಅಲ್ಲಿ ಒಟ್ಟಿಗಿರುವುದರಿಂದ ಚಾಕು ತುಕ್ಕು ಹಿಡಿಯುತ್ತದೆ.

ಉಪ್ಪಿನ ಮಾತನ್ನು ಇನ್ನಷ್ಟು ಹೇಳಬೇಕು. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಅದು ನಾರಿನ ನಡುವೆಯೇ ಉಳಿಯುತ್ತದೆ. ಗಾಳಿಯ ಆರ್ದ್ರತೆ 75 ಶೇಕಡಾ ದಾಟಿತೆಂದರೆ ಸೋಡಿಯಂ ಕ್ಲೋರೈಡ್ ತೇವವನ್ನು ಎಳೆದು ಕರಗುತ್ತದೆ, ಜೊತೆಗಿರುವ ಮೆಗ್ನೀಷಿಯಂ ಕ್ಲೋರೈಡಿಗೆ 33 ಶೇಕಡಾ ಸಾಕು. ಹೀಗೆ ಉಪ್ಪುಂಡ ಚರ್ಮ ಸಮುದ್ರದ ಗಾಳಿಯಲ್ಲಿ ಪೂರ್ತಿ ಒಣಗುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ. ಎಣ್ಣೆ ಹಚ್ಚುವ ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು. ತೊಳೆಯದೆ ಎಣ್ಣೆ ಸವರಿದರೆ ಉಪ್ಪನ್ನು ಒಳಗೇ ಮುಚ್ಚಿದಂತಾಗುತ್ತದೆ. ಮಳೆ ಬಂದಾಗ ಚುಕ್ಕಾಣಿ ಚಕ್ರದ ಚರ್ಮವನ್ನು ಮಳೆಗೆ ತೆರೆದಿಡುವುದು ಸಿಹಿನೀರು ಉಳಿಸುವ ಒಳ್ಳೆಯ ಉಪಾಯ.

ಇಷ್ಟಕ್ಕೂ ಮೊದಲು ಹೊಲಿದುಕೊಳ್ಳಬೇಕಾದ್ದು ಹಾಯಿ ಹೊಲಿಯುವವರು ಅಂಗೈಗೆ ತೊಡುವ ಚರ್ಮದ ಪಟ್ಟಿ. ಹೆಬ್ಬೆರಳಿಗೊಂದು ತೂತು, ಅದರ ಬುಡದಲ್ಲಿ ಗುಳಿಗುಳಿಯಾದ ಒಂದು ಲೋಹದ ಬಿಲ್ಲೆ. ಸೂಜಿಯ ಹಿಂತುದಿಯನ್ನು ಆ ಗುಳಿಯಲ್ಲಿಟ್ಟು ಬೆರಳಿನ ಬದಲು ಇಡೀ ತೋಳಿನ ಬಲದಿಂದ ದಪ್ಪ ಹಾಯಿಬಟ್ಟೆಯ ನಾಲ್ಕೈದು ಪದರಗಳನ್ನು ಒಮ್ಮೆಗೇ ದಾಟಿಸಬಹುದು. ಬಲಗೈಗೂ ಎಡಗೈಗೂ ಬೇರೆ ಬೇರೆ ಬೇಕು. ತೊಗಟೆ ಹದದ ಚರ್ಮವನ್ನು ನೆನೆಸಿ, ಕೈಗೆ ತೊಟ್ಟು, ಅರ್ಧ ಗಂಟೆ ಮುಷ್ಟಿ ಹಿಡಿದು ಬಿಡುತ್ತಾ ಕೂತರೆ ಅದು ತೊಟ್ಟವರ ಅಂಗೈಯ ಅಳತೆಗೇ ಒಣಗುತ್ತದೆ.